ಅಡ್ಡಕೊಳವೆ

ಸಲ್ಮಾಬಾದಿನ ಗಲ್ಲಿಯಲ್ಲಿ
ನನ್ನ ಗೋಡೆಗೆ ಎರಡು ಮೊಳೆ.
ಒಂದರಲ್ಲಿ ಎಚ್, ಒಂದರಲ್ಲಿ ಎಕ್ಸ್.
ಇಂಗ್ಲಿಷ್ ಬಾರದ ವಯಸ್ಸಾಗಿದ್ದರೆ ಹೀಗೆ ಓದುತ್ತಿದ್ದೆ:
ಇದು ಒಂದೇ ಮೆಟ್ಟಿಲು ಉಳಿದ ಏಣಿ,
ಅದು ಸ್ಲೇಟಿನ ಮೇಲೆ ವಾರಿಜಾ ಟೀಚರು ಗೀಚಿದ ತಪ್ಪು.

ಬದ್ರಿಯಾ ಬಂದದ್ದು ಆಗಸ್ಟಿನ ಸಂಜೆ,
ಗಾಳಿ ಒದ್ದೆ ಬೈರಾಸಿನಂತೆ ಮುಖಕ್ಕೆ ಅಂಟುವ ಹೊತ್ತು.
ನೀಲಿ ಮಸ್ಟಾಂಗ್, ಮೂತಿಯ ಮೇಲೆ ಓಡುವ ಕುದುರೆ,
ಜೊತೆಗೆ ತಮ್ಮ, ಅವನ ಫೋನು, ಫೋನಿನಲ್ಲಿ ಎಲ್ಲ ಉತ್ತರ.
"ಎಕ್ಸ್ ಹಾಕು, ಹತ್ತು ಕುದುರೆ ಜಾಸ್ತಿ ಬರುತ್ತೆ."
ಮೂರೋ ನಾಲ್ಕೋ ಬರಬಹುದು ಅಂದೆ,
ಅದರಲ್ಲೂ ಒಂದು ಕತ್ತೆ.
ಅವಳು ನಕ್ಕಳು. ಅವನು ನಗಲಿಲ್ಲ.

ಲಿಫ್ಟಿನ ಕೆಳಗೆ ಕರೆದು ತೋರಿಸಿದೆ:
ಎಡಕ್ಕೆ ನಾಲ್ಕು ಸಿಲಿಂಡರು, ಬಲಕ್ಕೆ ನಾಲ್ಕು,
ಒಂದೇ ಹೊಟ್ಟೆಗೆ ಎರಡು ಗಂಟಲು.
ಸರದಿ ಸಮವಿಲ್ಲ; ಒಂದು ಬೆನ್ನುಬೆನ್ನಿಗೆ ಕೆಮ್ಮುವಾಗ
ಇನ್ನೊಂದು ಸುಮ್ಮನೆ ಬಾಯಿ ತೆರೆದು ನಿಂತಿರುತ್ತದೆ.
ಎಚ್ ಅಂದರೆ ನಡುವೆ ಒಂದು ಕಿಂಡಿ,
ಪಕ್ಕದ ಮನೆಯವರು ಗೋಡೆ ಒಡೆಯದೆ
ಸಾರಿನ ಪಾತ್ರೆ ದಾಟಿಸಿದ ಹಾಗೆ.
ಎಕ್ಸ್ ಅಂದರೆ ಎರಡು ಹೊಳೆ ಎದೆಗೆ ಎದೆ ಕೊಟ್ಟು
ಯಾರ ನೀರು ಯಾರದೆಂದು ಕೇಳದೆ ಮುಂದೆ ಹೋದ ಹಾಗೆ.
ಇದು ಮದ್ದಳೆ, ಅದು ಚೆಂಡೆ
ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.
ಅರಬಿಯಲ್ಲಿ ಅದಕ್ಕೆ ಏನನ್ನಲಿ?
ಟೂಲ್‌ಬಾಕ್ಸಿನ ಮೇಲೆ ಬಾರಿಸಿದೆ,
ಅಂಗೈಯಲ್ಲಿ ಒಮ್ಮೆ, ಸ್ಪಾನರಿನಲ್ಲಿ ಒಮ್ಮೆ.

"ನಿನಗೆ ಯಾವುದು ಇಷ್ಟ?"
ಎಚ್, ಅಂದೆ.
ಅವಳು ನನ್ನ ಮುಖವನ್ನೇ ನೋಡಿದಳು.
"ನೀನು ನನ್ನ ಗಾಜಿನ ಕೋಣೆಗೆ ಬಂದಿದ್ದೆ. ಮೇ ತಿಂಗಳಲ್ಲಿ."

ಹೌದು. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಗುಂಡಿ,
ಕೇಳಿದಾಗ ಒತ್ತು ಅಂದವಳು ಇವಳೇ.
ಕೊನೆಕೊನೆಗೆ ಅಂದಾಜಿನಲ್ಲಿ ಒತ್ತಿದ್ದೆ.
ಕಾಗದದ ಮೇಲೆ ನನ್ನ ಗೆರೆ ಸ್ವಲ್ಪ ದೂರ ನೆಟ್ಟಗೆ ನಡೆದು
ಬಾವಿಗೆ ಬಿದ್ದಿತ್ತು.
ಇಪ್ಪತ್ತೆರಡು ವರ್ಷದ ಗ್ರೈಂಡರು.
ಸೊಳ್ಳೆ, ಕುಕ್ಕರಿನ ಸೀಟಿ,
ಮಗಳ ವಾಯ್ಸ್ ಮೆಸೇಜಿನ ಎಲ್ಲ ಶ ಷ ಸ
ಆ ಬಾವಿಯಲ್ಲಿವೆ.
ಎಕ್ಸಿನ ಏರುದನಿಯೂ.

"ಹಾಗಾದರೆ ನೀನು ಹೇಳುತ್ತಿರುವುದು ನಿನ್ನ ಕಿವಿಗೆ,
ನನ್ನ ಕಾರಿಗೆ ಅಲ್ಲ," ಅಂದಳು, ಕೋಪವಿಲ್ಲದೆ.
ದಿನವಿಡೀ ಜನರ ಕಿವಿಯೊಳಗೆ
ಚಿಟಿಕೆ ಚಿಟಿಕೆ ಶಬ್ದ ಉದುರಿಸುವವಳು.
"ನನಗೆ ಕಿರುಚಬೇಕು. ಎಕ್ಸ್ ಹಾಕು."
ತಮ್ಮ ಫೋನು ಜೇಬಿಗಿಟ್ಟ, ಗೆದ್ದವನಂತೆ.

ಗುಲ್‌ಜಮಾನ್ ಉಸ್ತಾದ್ ಕಲಿಸಿದ ಉಪಾಯ:
ಕೊಳವೆಯ ಉದ್ದಕ್ಕೂ ಬಣ್ಣದ ಒಂದು ಗೆರೆ ಎಳೆ,
ಓಡಿಸಿಕೊಂಡು ಬಾ,
ಬಣ್ಣ ಎಲ್ಲಿಯವರೆಗೆ ಸುಟ್ಟಿದೆಯೋ ಅಲ್ಲಿ ಕೊಯ್ಯಿ.
ಲೆಕ್ಕ ಬಾರದವನಿಗೆ ಬೆಂಕಿಯೇ ಅಳತೆ ಹೇಳುತ್ತದೆ.
ಕೊಯ್ದೆ. ಕೂಡಿಸಿದೆ. ಬೆಸುಗೆ ತಣಿಯುತ್ತ
ಮೊದಲು ಹೊಂಬಣ್ಣ, ಆಮೇಲೆ ಪಾರಿವಾಳದ ಕುತ್ತಿಗೆಯ ಬಣ್ಣ.

ಅವಳು ಕಾಲೊತ್ತಿದಳು.
ನಾನು ಬಾಗಿಲಿಗೆ ಅಂಗೈ ಕೊಟ್ಟು ನಿಂತೆ.
ಸಾವಿರ, ಎರಡು ಸಾವಿರ, ಕೈಗೂ ಕಿವಿಗೂ ಒಂದೇ ಸುದ್ದಿ.
ಆಮೇಲೆ ಕಿವಿ ಹಿಂದೆ ಉಳಿಯಿತು,
ಕೈ ಮಾತ್ರ ಮೇಲೆ ಹೋಯಿತು.
ಬೆಸುಗೆಯಲ್ಲಿ ಸೋರಿಕೆಯಿದ್ದರೆ ಸಿಳ್ಳೆ ಬರಬೇಕು.
ಸಿಳ್ಳೆ ಇದೆಯೇನೋ ಎಂದು
ಹುಡುಗ ಬಿಜನ್‌ನ ಮುಖ ನೋಡಿದೆ.
ಅವನು ತಲೆಯಲ್ಲಾಡಿಸಿದ: ಇಲ್ಲ.

ತೊಂಬತ್ತು ದಿನಾರು. ನೋಟಿನ ಜೊತೆ
ಕಿತ್ತಳೆ ಬಣ್ಣದ ಸ್ಪಂಜಿನ ಬಿರಡೆ, ಒಂದು ಡಬ್ಬಿ ತುಂಬ.
"ಕಿವಿಗೆ. ಇಷ್ಟು ವರ್ಷ ಎಲ್ಲಿಟ್ಟಿದ್ದೆ ಬುದ್ಧಿ?"
ರೌಂಡಬೌಟಿನ ಹತ್ತಿರ ನೀಲಿ ಕಾರು ಇನ್ನೂ ಕಾಣುತ್ತಿತ್ತು,
ನನ್ನ ಪಾಲಿಗೆ ಆಗಲೇ ಮೌನ.
ಬಿಜನ್ ಮಾತ್ರ ಬಹಳ ಹೊತ್ತು
ಅದು ಹೋದ ದಾರಿಗೇ ಬಾಯಿ ತೆರೆದು ನಿಂತಿದ್ದ.

ಡಬ್ಬಿ ಅವನ ಕೈಗಿಟ್ಟೆ.
ಎರಡು ಬಿರಡೆ ತುರುಕಿಕೊಂಡು ಏನೋ ಹೇಳಿ ನಕ್ಕ.
ಏನೆಂದೆ ಎಂದು ಕೇಳಿದೆ.
ಅವನೂ ಕೇಳಿದ, ಏನೆಂದೆ ಎಂದು.